ಅರ್ಧ ಮಾತ್ರೆ

ಮಾತ್ರೆ ನುಂಗಿ ಎರಡು ಗಂಟೆಯಾಗಿತ್ತು. ಕಣ್ಣುಪಟ್ಟಿ ಕಿತ್ತುಹಾಕಿದ ತಮ್ಮ, ಆಸ್ಪತ್ರೆಯ ಮಂಚದ ಅಂಚಿನಲ್ಲಿ ಕೂತು ಶೂ ಹುಡುಕುತ್ತಿದ್ದ.

"ಬಣ್ಣ ಇಲ್ಲ, ಬೆಳಕಿಲ್ಲ. ಇದೂ ನನಗೆ ಹಿಡೀಲಿಲ್ಲ ಅಕ್ಕ."

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಗಡಿಯಾರ ರಿಪೇರಿ ಮಾಡುತ್ತಿದ್ದ ತಮ್ಮನ ಕೈ ಮೂರು ವರ್ಷದಿಂದ ಒಂದು ಸ್ಕ್ರೂ ಮುಟ್ಟಿರಲಿಲ್ಲ. ಖಿನ್ನತೆಯ ಔಷಧಿಗಳೆಲ್ಲ ಕೈಕೊಟ್ಟ ಮೇಲೆ, ಅಣಬೆಯಿಂದ ತೆಗೆದ, ಬಣ್ಣ ಬೆಳಕಿನ ಭ್ರಮೆ ತರುವ ಈ ಮದ್ದಿನ ಪ್ರಯೋಗಕ್ಕೆ ಅವನನ್ನು ಗೋಗರೆದು ಒಪ್ಪಿಸಿದವಳು ಅವಳೇ. "ಇದೊಂದು ನೋಡ್ತೀನಿ. ಆಮೇಲೆ ನನ್ನನ್ನ ಬಿಟ್ಬಿಡಿ" ಎಂದಿದ್ದ. ಬಿಟ್ಟುಬಿಡಿ ಎಂದರೇನೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

"ಡೋಸು ಸರಿಯಾಗೇ ಇತ್ತು," ಡಾಕ್ಟರು ಕೈ ಹಿಸುಕಿಕೊಂಡರು. "ಇಲ್ಲಿ ಯಾರಿಗೂ ಮದ್ದಿಲ್ಲದ ಸುಳ್ಳು ಮಾತ್ರೆ ಕೊಡಲ್ಲ."

ಅಕ್ಕ ಹದಿನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ಮದ್ದು ಮಿದುಳಿಗೆ ಅಂಟುವುದನ್ನೇ ಅಳೆಯುತ್ತ ಬಂದವಳು. ಮಿದುಳಿನ ಕೋಶದ ಮೇಲೆ ರಿಸೆಪ್ಟರ್ ಎಂಬ ಕುರ್ಚಿಗಳಿವೆ. ಮದ್ದಿನ ಅಣು ಬಂದು ಕೂತರೇ ಆಟ ಶುರು. ಬೇರೊಂದು ಅಣು ಮೊದಲೇ ಜಾಗ ಹಿಡಿದು ಸುಮ್ಮನೆ ಕೂತಿದ್ದರೆ, ಆಮೇಲೆ ಬಂದದ್ದು ನಿಂತೇ ಇರಬೇಕು. ತಮ್ಮನ ಹಳೆಯ ನಿದ್ದೆ ಮಾತ್ರೆ ಅಂಥದ್ದೇ ಜಗಮೊಂಡ. ಆದರೆ ಪ್ರಯೋಗಕ್ಕೆಂದೇ ಅದನ್ನು ನಿಲ್ಲಿಸಿ ಮೂರು ವಾರವಾಗಿತ್ತು. ಮಿಕ್ಕಿದ್ದನ್ನು ಅವಳೇ ಅಮ್ಮನ ಕೈಗೆ ಕೊಟ್ಟು, ಎಸೆದುಬಿಡು ಎಂದಿದ್ದಳು.

ಅಮ್ಮನ ಕೈಗೆ!

ಫೋನು ಹಚ್ಚಿ, ತಮ್ಮನಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ಅಮ್ಮ, ಆ ಮಾತ್ರೆ ಎಸೆದ್ಯಾ?"

"ನಿದ್ದೆ ಇಲ್ದೆ ಮನೆಯೆಲ್ಲ ಸುತ್ತುತ್ತಿದ್ದ ಕಣೇ. ಹೆತ್ತ ಕರುಳು, ನೋಡೋಕಾಗ್ಲಿಲ್ಲ. ದಿನಾ ರಾತ್ರಿ ಹಾಲಲ್ಲಿ ಅರ್ಧ ಪುಡಿ ಮಾಡಿ ಹಾಕ್ತಿದ್ದೆ. ಬರೀ ಅರ್ಧ."

"ನಿನ್ನೆ ರಾತ್ರೀನೂ?"

"ಹೂಂ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು, ಬೆನ್ನಿಗೇ ಅಳುವೂ ಬಂತು. ಶೂ ಲೇಸು ಕಟ್ಟುತ್ತಿದ್ದ ತಮ್ಮನ ಕೈ ನಿಂತಿತ್ತು.

"ಹಾಗಾದ್ರೆ, ಮದ್ದು ಹಿಡೀದಿದ್ದು ನನ್ನ ತಲೆ ಪೂರ್ತಿ ಹಾಳಾಗಿರೋದ್ರಿಂದ ಅಲ್ಲ ಅಂತೀಯಾ?"

"ಅಲ್ವೋ ಪೆದ್ದ. ನಿನ್ನ ಮಿದುಳಲ್ಲಿ ಕುರ್ಚಿ ಖಾಲಿ ಇರ್ಲಿಲ್ಲ ಅಷ್ಟೆ, ನಿದ್ದೆ ಮಾತ್ರೆ ಮೊದ್ಲೇ ಕೂತಿತ್ತು."

"ಆ ನಿದ್ದೆ ಮಾತ್ರೆ ಮೈಯಿಂದ ಇಳೀಲಿ. ಕೆಲವು ವಾರ ಬಿಟ್ಟು ಇನ್ನೊಂದು ಸಲ ನೋಡೋಣ," ಎಂದರು ಡಾಕ್ಟರು.

ತಮ್ಮ ಇನ್ನೊಂದು ಲೇಸೂ ಕಟ್ಟಿಕೊಂಡ. ಅವನು ಎದ್ದು ಹೋಗಿಬಿಟ್ಟರೆ ಎಂಬ ಭಯಕ್ಕೆ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ಫೋನಿನಲ್ಲಿ ಅಮ್ಮ ಬಿಕ್ಕುತ್ತಲೇ ಇದ್ದಳು. ಅವನು ಎದ್ದು ಬಂದು ಅಕ್ಕನ ಕೈಯಿಂದ ಫೋನು ಇಸಿದುಕೊಂಡ.

"ಅಳ್ಬೇಡಮ್ಮ," ಎಂದ. "ಇವತ್ತಿಂದ ಹಾಲು ನಾನೇ ಕಾಯಿಸ್ಕೋತೀನಿ."