ಇನ್ನೂ ಬರೋರಿದ್ದಾರೆ

ನಾಯಿ ಅಡ್ಡ ಬಂದದ್ದೇ ತಡ, ರೈಟಕ್ಕನ ಬಲಗೈ ಸ್ಟೇರಿಂಗ್ ಬಿಟ್ಟು ಮೇಲಕ್ಕೆ ಹಾರಿ, ತಲೆಯ ಮೇಲಿನ ಬರಿಗಾಳಿಯನ್ನು ಹಿಡಿದು ಒಮ್ಮೆ ಜಗ್ಗಿತು. ಗಾಳಿ ಜಗ್ಗಿದರೆ ಬಸ್ಸು ನಿಲ್ಲುತ್ತದೆಯೇ? ಪಕ್ಕದ ಸೀಟಿನಲ್ಲಿ ಓಡಿಸಲು ಕಲಿಸುತ್ತ ಕೂತಿದ್ದ ಡ್ರೈವರಣ್ಣ ತನ್ನ ಕಾಲಬುಡದ ಎರಡನೇ ಬ್ರೇಕನ್ನು ಒತ್ತಿದ ಮೇಲೆಯೇ ಅದು ನಿಂತದ್ದು. ನಾಯಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಡಿಪೊದ ಗೋಡೆ ಮೂಸುತ್ತ ಹೋಯಿತು.

"ಏನ್ ತಾಯಿ, ಆಕಾಶದಿಂದ ಏನು ಕಿತ್ತೆ?" ಎಂದ ಡ್ರೈವರಣ್ಣ.

"ಹಗ್ಗ ಅಣ್ಣಾ. ಬೆಲ್ಲಿನ ಹಗ್ಗ."

"ಬೆಲ್ ಹೊಡೆದ್ರೆ ಡ್ರೈವರ್ ನಿಲ್ಲಿಸ್ತಾನೆ. ಒಪ್ಪಿದೆ. ಈಗ ಡ್ರೈವರ್ ಯಾರು?"

"ನಾನೇ."

"ಮತ್ತೆ ಯಾರನ್ನ ಕರೀತಿದ್ದೀಯ ಅಲ್ಲಿಂದ?"

ರೈಟಕ್ಕ ಬಲಗೈಯನ್ನು ಇಳಿಸಿ ಸ್ಟೇರಿಂಗ್ ಮೇಲಿಟ್ಟಳು.

ಇಪ್ಪತ್ತಾರು ವರ್ಷ ಅವಳು ಕಂಡಕ್ಟರ್ ಆಗಿದ್ದವಳು. ಒಂದು ಬೆಲ್ಲಿಗೆ ನಿಲ್ಲು, ಎರಡಕ್ಕೆ ಹೊರಡು. ಬೆಲ್ಲಿನ ಜೊತೆಗೆ ಬಾಯಲ್ಲೂ "ರೈಟ್ ರೈಟ್" ಎಂದು ಕೂಗಿ ಕೂಗಿ, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವಳು ರೈಟಕ್ಕನಾಗಿದ್ದಳು. ಈಗ ಬಾಗಿಲ ಬಳಿ ಟಿಕೆಟ್ ಕೊಡುವ ಮಷೀನು ಬಂದಿತ್ತು. ಕಂಡಕ್ಟರುಗಳು ಬೇಡ, ಬಸ್ಸು ಓಡಿಸುವ ಪರೀಕ್ಷೆ ಪಾಸಾದವರು ಡ್ರೈವರಾಗಿ ಉಳಿಯಬಹುದು, ಉಳಿದವರು ತಿಂಗಳ ಕೊನೆಗೆ ಮನೆಗೆ ಎಂದು ಆಫೀಸಿನ ಆದೇಶ. ಪರೀಕ್ಷೆಗೆ ಮೂರೇ ಅವಕಾಶ.

ಮೊದಲ ಸಲ ಹಿಂದಕ್ಕೆ ತೆಗೆಯುವಾಗ ರೈಟಕ್ಕ ಕಂಬಕ್ಕೆ ಮುತ್ತಿಟ್ಟಳು. ಎರಡನೇ ಸಲ ಎಲ್ಲ ಸರಿಯಾಗಿತ್ತು, ಕೊನೆಯ ತಿರುವಿನಲ್ಲಿ ಒಂದು ಕೋಳಿ ರಸ್ತೆಗೆ ಬಂತು. ಕೈ ಮೇಲಕ್ಕೆ ಹೋಯಿತು. ಪರೀಕ್ಷಕರು ತಮ್ಮ ಕಡೆಯ ಬ್ರೇಕ್ ಒತ್ತಿದರು. ಅವರ ಕಾಲು ಆ ಬ್ರೇಕಿಗೆ ತಾಗಿತೆಂದರೆ ಪರೀಕ್ಷೆ ಅಲ್ಲಿಗೆ ಮುಗಿದಂತೆ, ಕೋಳಿ ಬದುಕಿದರೂ ಅಷ್ಟೇ, ಸತ್ತರೂ ಅಷ್ಟೇ. ಮೂರನೆಯದಕ್ಕೆ ಇನ್ನು ಎಂಟು ದಿನ ಇತ್ತು.

"ನೋಡಮ್ಮ," ಎಂದು ಡ್ರೈವರಣ್ಣ ಹಳೆಯ ಪೆಟ್ಟಿನಿಂದ ಈಚೆಗೆ ಬಗ್ಗದಂತಾದ ಎಡಗಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡ. "ಪ್ರಾಣಿ ಬಂದಾಗ ಕೆಲಸ ಇರೋದು ಕಾಲಿಗೆ, ಕೈಗಲ್ಲ. ಕೈಗೆ ಕೆಲಸ ಕೊಟ್ರೆ ಅದು ಸ್ಟೇರಿಂಗ್ ತಿರುಗಿಸುತ್ತೆ. ತಿರುಗಿಸಿದ್ರೆ ಮರ ಸಿಗುತ್ತೆ, ಹಳ್ಳ ಸಿಗುತ್ತೆ, ಇಲ್ಲಾ ಎದುರಿಂದ ಬರೋನು ಸಿಗ್ತಾನೆ. ನೇರ ಹಿಡ್ಕೋ, ಬ್ರೇಕ್ ಒತ್ತು. ಹಾರ್ನ್ ಹೊಡೀಬೇಡ. ಗಾಬರಿಬಿದ್ದ ಪ್ರಾಣಿ ಎತ್ತ ಓಡುತ್ತೆ ಅಂತ ಅದಕ್ಕೇ ಗೊತ್ತಿರಲ್ಲ."

"ಈ ಕಾಲು..." ಎಂದಳು ರೈಟಕ್ಕ. ಅವನ ಹಿಂದೆಯೇ ಇಪ್ಪತ್ತು ವರ್ಷ ಬೆಲ್ ಹೊಡೆದಿದ್ದರೂ ಆ ಕಾಲಿನ ಕಥೆಯನ್ನು ಅವಳು ಕೇಳಿರಲಿಲ್ಲ.

"ನೀನು ಕೆಲಸಕ್ಕೆ ಸೇರೋ ಮೊದಲು. ಒಂದು ಕರು ಉಳಿಸಕ್ಕೆ ಹೋಗಿ ಹನ್ನೊಂದು ಜನಾನ ಹಳ್ಳಕ್ಕೆ ಇಳಿಸಿದೆ. ನಮ್ಮನ್ನ ಹೊರಗೆ ಎಳೆಯೋವರೆಗೂ ಕರು ಅಲ್ಲೇ ನಿಂತು ಮೇಯ್ತಾ ನೋಡ್ತಿತ್ತು."

ಮರುದಿನದಿಂದ ಅವನೊಂದು ಉಪಾಯ ಹೂಡಿದ. ಗೋಣಿಚೀಲಕ್ಕೆ ಹುಲ್ಲು ತುಂಬಿ, ಹಗ್ಗ ಕಟ್ಟಿ, ನಿಂತ ಬಸ್ಸುಗಳ ಮರೆಯಿಂದ ಯಾವ ಗಳಿಗೆಯಲ್ಲಿ ಬೇಕಾದರೂ ಎಳೆಸುವುದು. ಮೆಕ್ಯಾನಿಕ್‌ಗಳಿಗೆ ಹಬ್ಬವೇ ಆಯಿತು. "ಮೊಲ ಬಂತು ರೈಟಕ್ಕಾ!" "ಹಸು, ಹಸು!" "ಈ ಸಲ ನಮ್ಮ ಮ್ಯಾನೇಜರ್ರು, ನಿಲ್ಲಿಸಬೇಡಿ!" ಮೊದಲ ದಿನ ಗೋಣಿಚೀಲ ಏಳು ಸಲ ಚಕ್ರಕ್ಕೆ ಸಿಕ್ಕಿತು. ಐದನೆಯ ದಿನ ಒಂದು ಸಲವೂ ಸಿಗಲಿಲ್ಲ. ಆದರೂ ಪ್ರತಿ ಸಲ ಅವಳ ಬಲಗೈಯ ಬೆರಳುಗಳು ಸ್ಟೇರಿಂಗ್ ಮೇಲೆ ಒಮ್ಮೆ ಎದ್ದು ಕೂರುತ್ತಿದ್ದವು, ಹಳೆಯ ಯಜಮಾನನ ದನಿ ಕೇಳಿದ ಆಳಿನ ಹಾಗೆ.

ಮನೆಯಲ್ಲಿ ಅತ್ತೆ ನೋಡಿ ನೋಡಿ ಸಾಕಾಗಿ ಹೇಳಿದರು, "ಮಗಳೇ, ನಿದ್ದೇಲೂ ಕೈ ಎತ್ತಿ ಜಗ್ಗುತೀಯಂತೆ, ನನ್ನ ಮಗ ಹೇಳ್ದ. ಹೇಗಾದ್ರೂ ಪಾಸಾಗು. ನಿನ್ನನ್ನ ಮನೇಲಿ ಕೂರಿಸಿದ್ರೆ ಒಂದು ವಾರದೊಳಗೆ ನಮ್ಮನ್ನೆಲ್ಲ ಇಳಿಸಿ ರೈಟ್ ಅಂದುಬಿಡ್ತೀಯ."

ರೈಟಕ್ಕ ನಕ್ಕಳು. ಒಳಗೆ ಮಾತ್ರ ಚುರುಕ್ ಎಂದಿತು. ಬೆಳಗಿನ ಆರು ಹತ್ತರ ಬಸ್ಸಿಗೆ ಯಾರು ಯಾವ ಸ್ಟಾಪಿನಲ್ಲಿ ಓಡಿ ಬರುತ್ತಾರೆ, ಯಾರು ಕಿಟಕಿ ಪಕ್ಕ ಕೂತು ಅಳುತ್ತಾರೆ, ಯಾರ ಹೊಟ್ಟೆ ಎಷ್ಟು ತಿಂಗಳಿನದು, ಎಲ್ಲವೂ ಅವಳಿಗೆ ಗೊತ್ತು. ಅದೆಲ್ಲ ತನ್ನನ್ನು ಬಿಟ್ಟು ಮುಂದೆ ಹೋಗುತ್ತದೆ, ತಾನು ಸ್ಟಾಪಿನಲ್ಲಿ ಉಳಿದುಬಿಡುತ್ತೇನೆ ಎಂಬುದನ್ನು ನೆನೆದರೆ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು.

ಪರೀಕ್ಷೆಯ ದಿನ ದಟ್ಟ ಮಂಜು. ಪರೀಕ್ಷಕರು ಕೋಲಿನಂಥ ಮನುಷ್ಯ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಸ್ವೆಟರ್, ತೊಡೆಯ ಮೇಲೆ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ. ಪಕ್ಕದಲ್ಲಿ ಕೂತವರೇ ಕೈಗಡಿಯಾರ ನೋಡಿಕೊಂಡರು.

"ಕಾಡಿನ ರಸ್ತೆಯಲ್ಲಿ ಹೋಗಿ, ಸೇತುವೆ ಸುತ್ತಿ ವಾಪಸ್. ಹತ್ತೂವರೆಗೆ ಡಿಪೊ ಗೇಟಿನ ಒಳಗಿರಬೇಕು. ಒಂದು ನಿಮಿಷ ತಡ ಆದ್ರೂ ಫೇಲು. ಬಸ್ಸು ಅಂದ್ರೆ ಟೈಮು. ಟೈಮಿಗೆ ಬರದೇ ಇರೋದು ಬಸ್ಸಲ್ಲ, ಬರೀ ಡಬ್ಬ."

"ಹೂಂ ಸಾರ್."

ಗೇಟಿನ ಬಳಿ ನಿಂತಿದ್ದ ಡ್ರೈವರಣ್ಣ ತನ್ನ ಬೂಟುಗಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿ ತೋರಿಸಿದ.

ಹೋಗುವಾಗ ಎಲ್ಲ ಸರಾಗ. ಸೇತುವೆ ಸುತ್ತಿದಳು, ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು, ಹಿಂದಕ್ಕೆ ತೆಗೆದಳು. ಈ ಸಲ ಯಾವ ಕಂಬವೂ ಬಾಯಿ ಮುಂದೆ ಮಾಡಲಿಲ್ಲ. ಪರೀಕ್ಷಕರ ಪೆನ್ಸಿಲ್ಲು ಹಾಳೆಯ ಮೇಲೆ ಟಿಕ್ ಟಿಕ್ ಎಂದು ಇಳಿಯುತ್ತಿತ್ತು. ವಾಪಸು ಬರುವಾಗ ಎರಡು ಗುಡ್ಡಗಳ ನಡುವಿನ ತಿರುವು. ಹತ್ತು ಗಂಟೆ ಐದು ನಿಮಿಷ.

ಮಂಜಿನ ಗೋಡೆಯನ್ನು ಹರಿದುಕೊಂಡು ಜಿಂಕೆಯೊಂದು ರಸ್ತೆಯ ಮೇಲೆ ಬಿತ್ತು. ಬಿತ್ತು ಎಂದೇ ಹೇಳಬೇಕು, ಯಾರೋ ಮೇಲಿನಿಂದ ಎಸೆದ ಹಾಗೆ. ರೈಟಕ್ಕನ ಬಲಗೈಯ ಬೆರಳುಗಳು ಎದ್ದವು. ಎದ್ದು, ತಾವಾಗಿಯೇ ಮತ್ತೆ ಸ್ಟೇರಿಂಗನ್ನು ಅಪ್ಪಿದವು. ಅಷ್ಟರಲ್ಲಿ ಕಾಲು ತನ್ನ ಕೆಲಸ ಮುಗಿಸಿತ್ತು. ಬಸ್ಸು ಅತ್ತಿತ್ತ ಒಂದು ಗೇಣೂ ಸರಿಯದೆ, ಗೀಟು ಎಳೆದ ಹಾಗೆ ನೇರವಾಗಿ ನಿಂತಿತು. ಪರೀಕ್ಷಕರ ಕಾಲು ಅವರ ಬ್ರೇಕಿನ ಮೇಲೆ ಎತ್ತಿದ್ದು ಎತ್ತಿದ ಹಾಗೆಯೇ ಇತ್ತು. ತಾಗಿರಲಿಲ್ಲ.

ಜಿಂಕೆ ಎರಡೇ ಜಿಗಿತಕ್ಕೆ ಆಚೆ ಬದಿಯ ದಿಬ್ಬ ಹತ್ತಿತು.

"ಚೆನ್ನಾಗಿದೆ," ಎಂದು ಪರೀಕ್ಷಕರು ಕಾಲಿಳಿಸಿಕೊಂಡರು. "ಹೋಯ್ತಲ್ಲ, ಇನ್ನು ನಡೀರಿ."

ರೈಟಕ್ಕ ಹೊರಡಲಿಲ್ಲ. ಅಪಾಯದ ದೀಪ ಹಾಕಿದಳು. ಕಣ್ಣು ದಿಬ್ಬದ ಮೇಲಿತ್ತು. ಜಿಂಕೆ ಓಡಿಹೋಗಿರಲಿಲ್ಲ. ಅಲ್ಲೇ ನಿಂತು ಕುತ್ತಿಗೆ ತಿರುಗಿಸಿ, ತಾನು ಬಂದ ದಿಕ್ಕನ್ನೇ ನೋಡುತ್ತಿತ್ತು.

"ಇನ್ನೂ ಬರೋರಿದ್ದಾರೆ ಸಾರ್."

"ಯಾರು?"

"ಗೊತ್ತಿಲ್ಲ. ಅದು ಹಿಂದೆ ನೋಡ್ತಿದೆ."

ಬಸ್ಸಿನಿಂದ ಇಳಿದವರಲ್ಲಿ ಎರಡು ಬಗೆ. ಇಳಿದು ನೆಟ್ಟಗೆ ನಡೆದುಹೋಗುವವರು ಒಬ್ಬೊಬ್ಬರೇ. ಇಳಿದು ನಿಂತು ಬಾಗಿಲ ಕಡೆಗೆ ತಿರುಗುವವರ ಮಗುವೋ ಮುದುಕಿಯೋ ಇನ್ನೂ ಒಳಗೇ ಇರುತ್ತಾರೆ. ಆಗ ಎರಡು ಬೆಲ್ ಹೊಡೆದರೆ ಅನಾಹುತ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಇಪ್ಪತ್ತಾರು ವರ್ಷ ಕತ್ತುಗಳನ್ನು ನೋಡಿ ನೋಡಿ ಗೊತ್ತಾದದ್ದು. ಈ ಕತ್ತು ನಾಲ್ಕು ಕಾಲಿನ ಮೇಲಿತ್ತು ಅಷ್ಟೇ.

ಒಂದು ನಿಮಿಷವಾಯಿತು. ಎರಡಾಯಿತು. ರಸ್ತೆ ಖಾಲಿ. ಮಂಜು ಮಾತ್ರ ನಿಧಾನ ತೆವಳುತ್ತಿತ್ತು.

"ನೋಡೀಮ್ಮ," ಪರೀಕ್ಷಕರು ಗಡಿಯಾರ ತಟ್ಟಿದರು, "ಇದು ನಿಮ್ಮ ಕೊನೇ ಅವಕಾಶ ಅಂತ ಹಾಳೇಲಿ ಬರೆದಿದೆ. ಅಲ್ಲಿ ಏನೂ ಇಲ್ಲ. ಹೊರಡಿ ಅಂತ ನಾನೇ ಹೇಳ್ತಿದ್ದೀನಿ."

ಹೊರಟರೆ ಹತ್ತೂವರೆಗೆ ಗೇಟು. ಗೇಟಿನೊಳಗೆ ಕೆಲಸ. ಜಿಂಕೆ ಇನ್ನೂ ಹಿಂದೆಯೇ ನೋಡುತ್ತಿತ್ತು.

"ಬೈಬೇಡಿ ಸಾರ್," ಎಂದಳು. ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸಿದಳು.

ಸದ್ದು ನಿಂತಿತು. ಆಗ ಇನ್ನೊಂದು ಸದ್ದು ಕೇಳಿಸಿತು. ಮೊದಲು ಎಲೆಗಳ ಮೇಲೆ ಹನಿ ಬಿದ್ದ ಹಾಗೆ, ಆಮೇಲೆ ಯಾರೋ ದೂರದಲ್ಲಿ ಧಾನ್ಯ ಸುರಿದ ಹಾಗೆ. ಮಂಜು ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿತು. ಆ ಕಂದು ಬಣ್ಣಕ್ಕೆ ಕಿವಿಗಳು ಮೂಡಿದವು. ಎರಡು, ಆರು, ಹತ್ತಾರು. ಬಂದವು.

ಓಡಿ ಬರಲಿಲ್ಲ, ನಡೆದು ಬಂದವು. ಡಾಂಬರಿನ ಮೇಲೆ ಗೊರಸಿಟ್ಟಾಗ ಒಂದೊಂದೂ ಒಂದು ಗಳಿಗೆ ತಡೆದು, ನೆಲ ಗಟ್ಟಿಯೋ ಎಂದು ಕೇಳಿಕೊಂಡು, ಮುಂದಿನ ಹೆಜ್ಜೆ ಇಡುತ್ತಿತ್ತು. ಹೆಣ್ಣುಗಳು, ಹೋದ ವರ್ಷದ ಮರಿಗಳು, ಮುದಿಯಾಗಿ ಸೊಂಟ ಇಳಿದವು, ಒಂದು ಕಣ್ಣು ಬಿಳಿಯಾದದ್ದೊಂದು. ಬಸ್ಸಿನ ಮುಂದೆ ಮೂರೇ ಮಾರು ದೂರದಲ್ಲಿ, ಅದು ಅಲ್ಲಿ ಮೊದಲಿನಿಂದಲೂ ಇದ್ದ ಬಂಡೆಯೇನೋ ಎಂಬಂತೆ, ಅದನ್ನು ತಿರುಗಿಯೂ ನೋಡದೆ ಹಾದುಹೋದವು. ಅವುಗಳ ಬೆನ್ನಿನಿಂದ ಹಬೆ ಏಳುತ್ತಿತ್ತು. ನಡುವೆ ಒಂದು ಗಂಡು ಬಂತು. ಅದರ ಕೊಂಬು ಮಂಜಿನೊಳಗಿನಿಂದ ಮೊದಲು ಬಂದು, ಮರದ ಕೊಂಬೆಯೇ ನಡೆದು ಬರುತ್ತಿದೆ ಎನಿಸಿ, ಬಹಳ ಹೊತ್ತಿನ ಮೇಲೆ ಅದರ ಕೆಳಗೆ ಮುಖವೊಂದು ಕಾಣಿಸಿತು. ರಸ್ತೆಯ ನಟ್ಟನಡುವೆ ಅದು ನಿಂತಿತು. ತನ್ನವರನ್ನು ಆಚೆ ಈಚೆ ದಾಟಗೊಟ್ಟು ನಿಂತೇ ಇತ್ತು. ಪರೀಕ್ಷಕರ ಪೆನ್ಸಿಲ್ಲು ಬೆರಳಿಂದ ಜಾರಿ ಕೆಳಗೆ ಉರುಳಿತು. ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ.

ಎಲ್ಲಕ್ಕೂ ಹಿಂದೆ ಒಂದು ಮರಿ, ಕಾಲು ಕಡ್ಡಿಯಷ್ಟು. ಅದು ದಾರಿ ತಪ್ಪಿ ಬಸ್ಸಿನ ಪಕ್ಕಕ್ಕೆ ಬಂತು. ಮುಂಬಾಗಿಲಿನ ಕೆಳಗಿನ ಗಾಜಿಗೆ ಮೂಗು ತಾಗಿಸಿತು. ಗಾಜಿನ ಮೇಲೆ ಉಸಿರು ಕಟ್ಟಿತು, ಕರಗಿತು, ಮತ್ತೆ ಕಟ್ಟಿತು.

"ಹತ್ತಿಸ್ಕೋತೀರಾ?" ಎಂದರು ಪರೀಕ್ಷಕರು. ಅದು ಅವರ ದನಿಯೇ ಅಲ್ಲ, ಯಾವುದೋ ಕಾಲದಲ್ಲಿ ಅವರೇ ಆಗಿದ್ದ ಪುಟ್ಟ ಹುಡುಗನ ದನಿ.

"ಶ್!" ಎಂದಳು ರೈಟಕ್ಕ.

ಗಂಡು ಜಿಂಕೆ ಒಮ್ಮೆ ಗುಟುರು ಹಾಕಿದಂತೆ ಸದ್ದು ಮಾಡಿತು. ಮರಿ ಬೆಚ್ಚಿ, ತನ್ನ ಕಾಲಿಗೆ ತಾನೇ ತೊಡರಿ, ಬಸ್ಸಿನ ಮೂತಿಯ ಕೆಳಗೆ ಮರೆಯಾಯಿತು. ರೈಟಕ್ಕ ಉಸಿರು ಹಿಡಿದಳು. ಒಂದು, ಎರಡು, ಮೂರು. ಆಚೆ ಬದಿಯಲ್ಲಿ ಅದು ಕಾಣಿಸಿತು. ದಿಬ್ಬದ ಮೇಲೆ ಮೊದಲು ಜಿಗಿದಿದ್ದ ಜಿಂಕೆ ಆಗ ಕುತ್ತಿಗೆ ತಿರುಗಿಸಿತು. ಮುಂದಕ್ಕೆ. ಗಂಡು ಕೊನೆಯದಾಗಿ ರಸ್ತೆ ಬಿಟ್ಟಿತು. ಮಂಜು ಅವುಗಳ ಹಿಂದೆ ಮುಚ್ಚಿಕೊಂಡಿತು.

ರೈಟಕ್ಕ ಎರಡೂ ಕಡೆಯ ಕನ್ನಡಿಗಳನ್ನು ಒಮ್ಮೆ ನೋಡಿದಳು.

"ಈಗ ರೈಟ್," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅವಳು ಎಂಜಿನ್ನು ಹಚ್ಚಿದಳು.

ಗಡಿಯಾರ ನೋಡುವ ಧೈರ್ಯ ಅವಳಿಗಾಗಲಿಲ್ಲ. ಕೆಲಸ ಹೋಯಿತು ಎಂಬುದು ಖಚಿತವಾದ ಮೇಲೆ ಅವಸರಕ್ಕೆ ಅರ್ಥವೂ ಇರಲಿಲ್ಲ. ಬಂದ ವೇಗದಲ್ಲೇ ಹೋದಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಎದೆಯಲ್ಲಿ ಬೇರೆ ಏನೋ ತುಂಬಿಕೊಂಡು ಅದಕ್ಕೆ ಜಾಗವೇ ಇರಲಿಲ್ಲ. ಗೇಟಿನೊಳಗೆ ಬಸ್ಸು ನಿಂತಾಗ ಹತ್ತು ಐವತ್ತೊಂದು. ಡ್ರೈವರಣ್ಣ ಗೋಡೆಗೆ ಒರಗಿದ್ದವನು ಅವಳ ಮುಖ ನೋಡಿ, ಏನೂ ಅರ್ಥವಾಗದೆ ಅಲ್ಲೇ ನಿಂತ.

ಪರೀಕ್ಷಕರು ಪೆನ್ಸಿಲ್ ಹುಡುಕಿ ಎತ್ತಿಕೊಂಡರು. ಹಾಳೆಯ ಕೆಳಭಾಗದಲ್ಲಿ 'ತಡಕ್ಕೆ ಕಾರಣ' ಎಂಬ ಒಂದು ಸಾಲಿನ ಜಾಗವಿತ್ತು. ಅಲ್ಲಿ ಪೆನ್ಸಿಲ್ ಊರಿದರು.

"ಎಷ್ಟಿದ್ವು?"

"ನೂರಾ ಹದಿನೆಂಟು ಸಾರ್."

ಅವರು ಕತ್ತೆತ್ತಿದರು. "ಎಣಿಸಿದ್ರಾ?"

"ಅಭ್ಯಾಸ ಸಾರ್. ತಲೆ ಕಂಡ್ರೆ ಎಣಿಸ್ತೀನಿ. ಮರಿಗಳು ಇಪ್ಪತ್ತಾರು ಬೇರೆ, ಅವನ್ನ ಅರ್ಧ ಟಿಕೆಟ್ಟಿಗೆ ಹಿಡಿದಿದ್ದೀನಿ."

ಅವರು ನಗಲಿಲ್ಲ. ಸಂಖ್ಯೆ ಬರೆದುಕೊಂಡರು, ಎರಡನ್ನೂ ಬೇರೆ ಬೇರೆಯಾಗಿ.

"ಆ ರಸ್ತೆಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?"

"ಆರು ಹತ್ತಕ್ಕೆ."

"ಸೋಮವಾರದಿಂದ ಅದಕ್ಕೆ ಡ್ರೈವರ್ ಯಾರು?"

"ನೀವು ಬರೆದ ಮೇಲೆ ಗೊತ್ತಾಗುತ್ತೆ ಸಾರ್."

ಅವರು ಬರೆದರು.

ಸೋಮವಾರ ಆರು ಹತ್ತಕ್ಕೆ ರೈಟಕ್ಕ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ತೆರೆದಾಗ ಆಸ್ಪತ್ರೆಯ ಆಯಾ ಹತ್ತಿದಳು, ಬೇಕರಿಯವನು ಹತ್ತಿದ, ಗಾರೆಯವರು ಐದು ಜನ ಬಾಂಡಲಿ ಬಡಿಯುತ್ತ ಹತ್ತಿದರು. ಕೊನೆಗೆ ಕೋಲಿನಂಥ ಒಬ್ಬ ಮನುಷ್ಯ, ಕೈಯಲ್ಲಿ ಹಲಗೆಯಿಲ್ಲ, ಮಷೀನಿನಿಂದ ಟಿಕೆಟ್ ತೆಗೆದುಕೊಳ್ಳಲು ಬಾರದೆ ಎರಡು ಸಲ ತಪ್ಪು ಗುಂಡಿ ಒತ್ತಿದರು.

"ಎಲ್ಲಿಗೆ ಸಾರ್?" ಎಂದಳು ರೈಟಕ್ಕ.

"ಕೊನೇ ಸ್ಟಾಪಿಗೆ." ಅವರು ನೆಲ ನೋಡಿಕೊಂಡರು. "ಅಲ್ಲಿಂದ ವಾಪಸ್."

ಗುಡ್ಡದ ತಿರುವಿಗೆ ಬಂದಾಗ ಅವಳು ಬಸ್ಸನ್ನು ನಡೆದುಹೋಗುವವರ ವೇಗಕ್ಕೆ ಇಳಿಸಿದಳು. ರಸ್ತೆ ಖಾಲಿಯಿತ್ತು.

"ಯಾಕಕ್ಕಾ, ಇಲ್ಲಿ ಸ್ಟಾಪಿಲ್ವಲ್ಲ?" ಎಂದ ಗಾರೆಯವರಲ್ಲೊಬ್ಬ.

ಪರೀಕ್ಷಕರು ಸ್ವೆಟರಿನ ತೋಳಿನಿಂದ ಕಿಟಕಿಯ ಮಂಜು ಒರೆಸಿ ಹಣೆಯನ್ನು ಗಾಜಿಗೆ ಆನಿಸಿದರು. ಅವರನ್ನು ನೋಡಿ ಗಾರೆಯವನೂ ಒರೆಸಿದ. ಆಮೇಲೆ ಆಯಾ, ಬೇಕರಿಯವನು. ಬಸ್ಸು ಮೆಲ್ಲಗೆ ಹೋಗುತ್ತಿದ್ದಂತೆ ಅದರ ಬೆಳ್ಳನೆ ಕಿಟಕಿಗಳಲ್ಲಿ, ಒಂದಾದ ಮೇಲೊಂದು, ಅಂಗೈಯಗಲದ ಕಿಂಡಿಗಳು ತೆರೆದುಕೊಂಡವು.