ಹೆಬ್ಬೆರಳ ಸಂದಿನ ಚಿಂದಿ

ಆಯಿ, ಅಂದರೆ ನನ್ನ ಅಜ್ಜಿ, ಹೇಳುತ್ತಿದ್ದ ಒಂದು ಕತೆಯಲ್ಲಿ ರಾಜನ ಆಯುಧದ ಕೋಣೆಗೆ ಏಳು ಬೀಗಗಳಿದ್ದವು. ಏಳು ಕೀಲಿ ಏಳು ಸರದಾರರ ಸೊಂಟದಲ್ಲಿ. ವೈರಿ ಕೋಟೆಯ ಅಗಸಿ ಬಾಗಿಲಿಗೆ ಬಂದ ದಿನ ಒಬ್ಬ ಸರದಾರ ಜಳಕಕ್ಕೆ ಕೂತಿದ್ದ, ಒಬ್ಬ ಬೀಗರ ಊರಿಗೆ ಹೋಗಿದ್ದ, ಇನ್ನೊಬ್ಬ ಬರೆದ ಅಪ್ಪಣೆ ತೋರಿಸು ಎಂದ. ಸೈನಿಕರು ಬರಿಗೈಯಲ್ಲಿ ನಿಂತರು. ಚಿಕ್ಕವಳಿದ್ದಾಗ ಆ ಕೋಣೆ ನನ್ನ ಕನಸಿಗೆ ಬರುತ್ತಿತ್ತು. ಗೋಡೆಯ ಮೇಲಿನ ಕತ್ತಿಗಳು ಹೊರಗೆ ಹೋಗಬೇಕೆಂದು ತಾವೇ ಅಲುಗಾಡುತ್ತಿದ್ದವು. ಅದು ಬರೀ ಕತೆಯಲ್ಲ ಎಂದು ಗೊತ್ತಾಗಲು ನನಗೆ ಇಪ್ಪತ್ತಮೂರು ವರ್ಷ ಬೇಕಾಯಿತು.

ನನ್ನ ಅಣ್ಣ ಭೀಮು ಹಿಮದ ಗಡಿಯಲ್ಲಿ ಸಿಪಾಯಿ. ಹೋದ ಚಳಿಗಾಲದಲ್ಲಿ ಫೋನ್ ಮಾಡಿ ನಕ್ಕಿದ್ದ. "ಪ್ರಜ್ಞಾ, ಇಲ್ಲಿ ಗ್ಲೌಸು ಹೆಬ್ಬೆರಳಿನ ಸಂದ್ಯಾಗ ಹರೀತಾವ. ಬಂದೂಕಕ್ಕಿಂತ ಸೂಜಿ ಹಿಡಿಯೂದ ಹೆಚ್ಚಾಗೇತಿ ನೋಡು."

ಈ ವರ್ಷ ಅವನ ದಳಕ್ಕೆ ನಾನೂರು ಜೊತೆ ಕೈಗವಸಿಗೆ ಟೆಂಡರ್ ಕರೆದಾಗ ದೇವಣಗಾಂವದ ನಮ್ಮ ಹೊಲಿಗೆ ಸಂಘವೂ ಅರ್ಜಿ ಹಾಕಿತು. ಬಟ್ಟೆ ಕತ್ತರಿಸುವವಳು ನಾನು, ಮಷಿನ್ ತುಳಿಯುವವಳು ಸಗೀರಾ. ಕೈಹೊಲಿಗೆ ಆಯಿಯದು. ಆಯಿ ರೇಣವ್ವ ನಮ್ಮ ಅಧ್ಯಕ್ಷೆಯೂ ಹೌದು. ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ.

ನಮೂನೆಯ ಜೊತೆಯನ್ನು ಸೈನ್ಯದವರು ಕೊಟ್ಟ ಅಳತೆಯ ನಕಾಶೆಯಂತೆಯೇ ಹೊಲಿದೆವು. ಆದರೆ ಆಯಿ ಜೀವನವಿಡೀ ಕೌದಿ ಹೊಲಿದವಳು. ಕೌದಿ ಮುಗಿದ ಮೇಲೆ ಮೂಲೆಗೊಂದು ಮುಕ್ಕೋನದ ಚಿಂದಿ ಹಚ್ಚದೆ ಅವಳು ಯಾರ ಕೈಗೂ ಕೊಟ್ಟವಳಲ್ಲ. "ಮೂಲಿ ಬತ್ತಲ ಬಿಟ್ರ ಹೊಚ್ಚಿಕೊಂಡಾವನ ನಿದ್ದಿ ಸೋರಿ ಹೋಗತೈತಿ," ಎನ್ನುವಳು. ಕೈಗವಸಿಗೆ ಮೂಲೆ ಎಲ್ಲಿಯದು? ಹುಡುಕಿ ಹುಡುಕಿ ಹೆಬ್ಬೆರಳ ಸಂದಿಗೆ ಹಚ್ಚಿಬಿಟ್ಟಳು. ನಮಗೆ ಹೇಳಲಿಲ್ಲ.

ಪರೀಕ್ಷೆಯಲ್ಲಿ ಉಳಿದವರ ನಮೂನೆಗಳೆಲ್ಲ ಎಳೆದ ಕೂಡಲೇ ಆ ಸಂದಿನಲ್ಲಿಯೇ ಹರಿದವು. ನಮ್ಮದು ಹರಿಯಲಿಲ್ಲ. ಅದಕ್ಕೆ ಅರಗಿನ ಮುದ್ರೆ ಒತ್ತಿ, ಇದರಂತೆಯೇ ನಾನೂರು ಜೊತೆ ಕೊಡಿ ಎಂದರು. ನಾವು ಚಿಂದಿ ಸಮೇತ ಹೊಲಿದೆವು.

ಅಕ್ಟೋಬರ್ ಕೊನೆಗೆ ತಪಾಸಣೆಯ ಬಸಂತರಾಯರು ಸಿಂದಗಿಯಿಂದ ಜೀಪಿನಲ್ಲಿ ಬಂದರು. ಒಂದು ಕೈಯಲ್ಲಿ ಮುದ್ರೆಯೊತ್ತಿದ ನಮೂನೆ, ಇನ್ನೊಂದರಲ್ಲಿ ನಕಾಶೆ. ಮೊದಲ ಜೊತೆಯನ್ನು ತಿರುಗಿಸಿ ನೋಡಿದವರೇ ಹೆಬ್ಬೆರಳ ಸಂದಿಗೆ ಬೆರಳಿಟ್ಟರು.

"ತಂಗಿ, ನಮೂನಾದಾಗ ಈ ಚಿಂದಿ ಐತಿ. ನಕಾಶದಾಗ ಇಲ್ಲ."

"ನಮೂನಾ ಪಾಸ್ ಮಾಡಿದವ್ರು ನೀವ ಅಲ್ಲೇನ್ರಿ?"

"ಹೌದು. ಆದ್ರ ನಕಾಶದಾಗ ಇಲ್ಲದ್ದು ಮಾಲಿನಾಗ ಇದ್ರ ನಾ ಪಾಸ್ ಮಾಡಾಕ ಬರೂದಿಲ್ಲ. ನಕಾಶ ತಿದ್ದಬೇಕು. ಫೈಲು ಮ್ಯಾಲ ಹೋಗಬೇಕು. ಏಳು ಮಂದಿ ಸಹಿ ಆಗಬೇಕು."

"ಎಷ್ಟ ದಿನ?"

"ಮಾರ್ಚ್ ಅನ್ರಿ."

ಅಣ್ಣನ ಠಾಣೆಗೆ ಹೋಗುವ ರಸ್ತೆ ನವೆಂಬರ್ ಹತ್ತಕ್ಕೆಲ್ಲ ಹಿಮದಲ್ಲಿ ಮುಚ್ಚುತ್ತದೆ. ಮತ್ತೆ ತೆರೆಯುವುದು ಏಪ್ರಿಲಿನಲ್ಲಿ.

ಸಗೀರಾ ಮಷಿನ್ ನಿಲ್ಲಿಸಿದಳು. "ಸಾಹೇಬ್ರ, ಥಂಡಿಗೂ ಒಂದ ಫೈಲ್ ಕಳಸ್ರಲ್ಲ. ಮಾರ್ಚಿನ ತನಾ ಬರಬ್ಯಾಡ ಅಂತ."

ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಚಿಂದಿ ಛಲೋ ಐತ್ರವ್ವಾ. ನನ್ನ ಮಗಾ ಅಲ್ಲಿದ್ದಿದ್ರ ನಾನೂ ಇದನ್ನ ಬೇಡತಿದ್ದೆ. ಆದ್ರ ನನಗ ಅಧಿಕಾರ ಇಲ್ಲ. ಚಿಂದಿ ಬಿಚ್ಚಿ ಕೊಡ್ರಿ, ನಾಳಿಗೇ ಪಾಸ್ ಮಾಡ್ತೇನಿ."

ಆ ಒಳ್ಳೆಯ ಮಾತೇ ನನ್ನ ಮೈಗೆ ಬೆಂಕಿ ಇಟ್ಟಿತು. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ.

"ಹೌದು ಅನ್ನಾಕ ಏಳು ಮಂದಿ ಬೇಕು, ಇಲ್ಲ ಅನ್ನಾಕ ನೀವೊಬ್ರ ಸಾಕಾ?" ಎಂದೆ. "ಹರಿಯೂದನ್ನ ಪಾಸ್ ಮಾಡಾಕ ಅಧಿಕಾರ ಐತಿ, ಹರಿಯದ್ದಕ್ಕ ಇಲ್ಲ. ಯಾವ ಊರ ನ್ಯಾಯರಿ ಇದು? ಕಣ್ಣಿಲೆ ನೋಡಿದವ್ರು ನೀವು, ಕೈಲೆ ಜಗ್ಗಿದವ್ರು ನೀವು. ಸಹಿ ಹಾಕಾವ ಮಾತ್ರ ಗ್ಲೌಸಿನ ಮಾರೀನೂ ಕಾಣದಾವ!"

"ನೀ ಹೇಳೂದು ಖರೇ ಐತಿ ತಂಗಿ," ಎಂದು ಅವರು ನೆಲ ನೋಡಿದರು.

"ಖರೇ ಇದ್ದದ್ದನ್ನ ಬರೀರಿ ಹಂಗಾರ!"

ಬರೆಯಲಿಲ್ಲ.

ಆಯಿ ಮುಂದೆ ಸರಿದಳು. ಒಂದು ಕೈಗವಸನ್ನು ಮಡಿಲಿಗೆ ಎಳೆದುಕೊಂಡು ಚಿಂದಿಯ ಎಳೆಗೆ ಬ್ಲೇಡು ಇಟ್ಟಳು. "ಬಿಚ್ಚ್ರಿ. ಬರಿಗೈಕಿಂತ ಹರಕ ಗ್ಲೌಸರ ಹೋಗ್ಲಿ ಭೀಮೂನ ಕೈಗೆ."

ಒಂದು ಹಗಲು ಪೂರ್ತಿ ಎಂಟುನೂರು ಚಿಂದಿ ಬಿಚ್ಚಿದೆವು. ಬಿಚ್ಚಿದಲ್ಲೆಲ್ಲ ಸೂಜಿಯ ತೂತುಗಳು ಉಳಿದವು. ಹರಿಯಲು ಗೆರೆ ಹಾಕಿಕೊಟ್ಟಂತೆ. ಬಸಂತರಾಯರು ಅಳತೆಪಟ್ಟಿ ಇಟ್ಟು ನೋಡಿ ಎಲ್ಲವನ್ನೂ ಪಾಸ್ ಮಾಡಿದರು. ತೂತುಗಳ ಬಗ್ಗೆ ನಕಾಶೆಯಲ್ಲಿ ಏನೂ ಇರಲಿಲ್ಲ.

ಕೈಗವಸುಗಳು ಲಾರಿ ಏರಿದವು. ಚಿಂದಿಗಳನ್ನು ನಾನು ಸೂಜಿ ದಾರದ ಜೊತೆ ಗಂಟು ಕಟ್ಟಿ, ಸಿಂದಗಿಯ ಪೋಸ್ಟಿನಿಂದ ಅಣ್ಣನ ಹೆಸರಿಗೆ ಕಳಿಸಿದೆ. ನೀವೇ ಹಚ್ಚಿಕೊಳ್ಳಿ ಎಂದು ಒಳಗೆ ಚೀಟಿ ಇಟ್ಟೆ. ಸರ್ಕಾರದ ಲಾರಿ ನವೆಂಬರ್ ಒಂಬತ್ತಕ್ಕೆ ದಾಟಿತು. ನನ್ನ ಗಂಟು ಹನ್ನೊಂದಕ್ಕೆ ಬಂದು ಮುಚ್ಚಿದ ರಸ್ತೆಯ ಕೆಳಗೆ ಉಳಿಯಿತು. ನನ್ನ ಕನಸಿನಲ್ಲಿ ಆ ಚಿಂದಿಗಳು ಹಕ್ಕಿಗಳಾಗಿ ಹಿಮದ ಮೇಲೆ ಹಾರುತ್ತಿದ್ದವು. ಎಚ್ಚರಾದರೆ ಗಂಟಿನೊಳಗಿನ ಚಿಂದಿಗಳೇ.

ಜನವರಿಯಲ್ಲಿ ಅಣ್ಣನನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಇಳಿಸಿದರು. ಗವಸು ಸಂದಿನಲ್ಲಿ ಬಾಯಿಬಿಟ್ಟಿತ್ತು. ಬಲ ಹೆಬ್ಬೆರಳು ಹಿಮಕ್ಕೆ ಕಪ್ಪಾಗಿ, ಬುಡದವರೆಗೆ ತೆಗೆಯಬೇಕಾಯಿತು. "ನಕ್ಕು ಮಾತಾಡು ಪ್ರಜ್ಞಾ," ಎಂದ ಫೋನಿನಲ್ಲಿ. "ಸೂಜಿ ಹಿಡಿಯೂ ಕೆಲಸರ ತಪ್ಪಿತು." ನಾನು ನಗಲಿಲ್ಲ.

ಏಪ್ರಿಲಿನಲ್ಲಿ ಲಕೋಟೆ ಬಂತು. ಬಸಂತರಾಯರು ಮೇಲೆ ಕಳಿಸಿದ್ದ ಫೈಲಿಗೆ ಏಳೂ ಸಹಿ ಆಗಿದ್ದವು. ಇನ್ನು ಮುಂದೆ ಹೆಬ್ಬೆರಳ ಸಂದಿಗೆ ಮುಕ್ಕೋನದ ಚಿಂದಿ ಕಡ್ಡಾಯ. ಕೆಳಗೆ ಇನ್ನೊಂದು ಸಾಲಿತ್ತು: ನೀವು ಪೂರೈಸಿದ ನಾನೂರು ಜೊತೆಯಲ್ಲಿ ಸದರಿ ಚಿಂದಿ ಕಂಡುಬಂದಿಲ್ಲ. ಕಾರಣವೇನೆಂದು ಅಧ್ಯಕ್ಷರು ಏಳು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.

ಸಗೀರಾ ಆ ಕಾಗದವನ್ನು ಒಲೆಗೆ ಹಾಕು ಎಂದಳು. ನಾನು ಎರಡು ಹಾಳೆ ತುಂಬ ಬರೆದೆ. ಬೈಗುಳ ಬರೆದೆ, ಹರಿದೆ, ಮತ್ತೆ ಬರೆದೆ. ಓದಿ ಹೇಳಿದಾಗ ಆಯಿ ತಲೆ ಅಲ್ಲಾಡಿಸಿದಳು.

"ಇಷ್ಟ ಯಾರ ಓದ್ತಾರ? ಖಾಲಿ ಹಾಳಿ ತಾ."

ಮಸಿಯಲ್ಲಿ ಹೆಬ್ಬೆರಳು ಅದ್ದಿ ಹಾಳೆಯ ನಟ್ಟನಡುವೆ ಗಟ್ಟಿಯಾಗಿ ಒತ್ತಿದಳು.

"ಬರಿ ಇದರ ಕೆಳಗ: ಇದು ನನ್ನ ಹೆಬ್ಬೆಟ್ಟ. ನನ್ನ ಮೊಮ್ಮಗನ ಹೆಬ್ಬೆಟ್ಟೂ ಬೇಕಾದ್ರ ಅದು ಎಲ್ಲೈತಿ ಅಂತ ನೀವ ಏಳು ದಿನದಾಗ ಹೇಳ್ರಿ."

ಅಷ್ಟೇ ಬರೆದೆ. ಒಂದು ಅಕ್ಷರವನ್ನೂ ನನ್ನದಾಗಿ ಸೇರಿಸಲಿಲ್ಲ.