ಎಷ್ಟು ವರ್ಷ ಓಡಿಸುತ್ತೀರಿ?

ಗಾಡಿ ಓಡಿಸಲು ಬಾರದ ನಾನು ಇದನ್ನು ಹೇಳಲು ಹೊರಟಿರುವುದೇ ಅಧಿಕಪ್ರಸಂಗ. ಇನ್ನೊಬ್ಬರ ಮನೆಯ ಸಂಕಟವನ್ನು ತಪ್ಪಾಗಿ ಹೇಳಿದ್ದರೆ ಓದುವವರು ಮನ್ನಿಸಬೇಕು.

"ತಿಂಗಳಿಗೆ ಎಷ್ಟು ಓಡುತ್ತೆ ಸಾರ್?" ಎಂದು ಕಾರು ಶೋರೂಮಿನ ಸೇಲ್ಸ್‌ಮನ್ ಕೇಳಿದಾಗ, ಗಾಡಿ ಕೊಳ್ಳಲು ಬಂದಿದ್ದ ಕನ್ನಡಕದಂಗಡಿಯವನಿಗಿಂತ ಮೊದಲೇ ಅವನ ಹೆಂಡತಿ ಬಾಯಿ ಹಾಕಿದಳು.

"ವಾರಕ್ಕೆ ಮೂರು ಸಲ. ಹೋಗಿ ಬರೋಕೆ ನೂರನಲವತ್ತು ಕಿಲೋಮೀಟರ್."

"ಅಬ್ಬಾ! ಏನು ಕೆಲಸ ಮೇಡಂ?"

"ರಜಾನೇ ಕೊಡದಿರೋ ಕೆಲಸ" ಎಂದು ನಕ್ಕು, ಚೂಡಿದಾರದ ಎಡತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಡಯಾಲಿಸಿಸ್ ಸೂಜಿಯ ಗುರುತುಗಳು ಮುಚ್ಚಿಹೋದವು.

ಆಗಷ್ಟೇ ಎರಡೂ ಗಾಡಿಗಳಲ್ಲಿ ಒಂದೊಂದು ಸುತ್ತು ಹೋಗಿ ಬಂದಿದ್ದರು. ಡೀಸೆಲ್ ಗಾಡಿಯ ಅದುರಾಟಕ್ಕೆ ಅವಳು ಬಾಗಿಲ ಹಿಡಿಯನ್ನು ಬಿಟ್ಟಿರಲಿಲ್ಲ. ಪೆಟ್ರೋಲ್ ಗಾಡಿಯಲ್ಲಿ ತಲೆಯೊರಗಿಸಿ ಕಣ್ಣು ಮುಚ್ಚಿದ್ದಳು. ಆಸ್ಪತ್ರೆಯಿಂದ ಬರುವಾಗ ಸಣ್ಣ ಅಲುಗಾಟಕ್ಕೂ ಅವಳಿಗೆ ವಾಂತಿಯಾಗುತ್ತದೆ. ಪೆಟ್ರೋಲೇ ಸರಿ ಎಂದು ಅವನು ಅಲ್ಲೇ ತೀರ್ಮಾನಿಸಿದ್ದ.

"ಅಷ್ಟು ಓಡಾಟ ಇದ್ರೆ ಡೀಸೆಲ್ಲೇ ಸಾರ್" ಎಂದ ಸೇಲ್ಸ್‌ಮನ್. "ಆದ್ರೆ ಆರೇಳು ವರ್ಷ ಹೀಗೇ ಓಡಿಸ್ತೀರಿ ಅಂದ್ರೆ ಮಾತ್ರ. ಎರಡ್ಮೂರು ವರ್ಷಕ್ಕೆ ಓಡಾಟ ನಿಂತುಹೋಗತ್ತೆ ಅಂದ್ರೆ ಪೆಟ್ರೋಲ್ ಸಾಕು. ಎಷ್ಟು ವರ್ಷ ಅಂತ ಹೇಳಿಬಿಡಿ."

ಈ ಪ್ರಶ್ನೆಯನ್ನು ಕನ್ನಡಕದಂಗಡಿಯವನು ಡಾಕ್ಟರಿಗೂ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾರೋ ಎಂಬ ಭಯ.

"ಹೇಳ್ರೀ" ಎಂದಳು ಹೆಂಡತಿ. "ಗಿರಾಕಿ ಕಣ್ಣಿನ ನಂಬರಾದ್ರೆ ಬಾಗಿಲಲ್ಲೇ ಹೇಳಿಬಿಡ್ತೀರಿ."

ಅವಳು ನಗುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಈಗ ಪೆಟ್ರೋಲ್ ಎಂದರೆ ಎರಡು ಮೂರು ವರ್ಷ ಎಂದ ಹಾಗೆ. ಡೀಸೆಲ್ ಎಂದರೆ ವಾರಕ್ಕೆ ಮೂರು ದಿನ ಆ ಅದುರಾಟ.

"ಪೆಟ್ರೋಲ್" ಎಂದ. ತಕ್ಷಣವೇ, "ಸದ್ದು ಕಮ್ಮಿ ಇದೆ ಅಂತ ಕಣೇ. ಬೇರೇನೂ ಇಲ್ಲ. ನಿದ್ದೆ ಬಂತಲ್ಲ ನಿಂಗೆ ಅದ್ರಲ್ಲಿ?" ಎಂದು ಸೇರಿಸಿದ.

"ನಿದ್ದೆ ಎಲ್ಲಿ ಬಂತು? ಸುಮ್ನೆ ಕಣ್ಣು ಮುಚ್ಚಿದ್ದೆ."

ಸೇಲ್ಸ್‌ಮನ್ ಫಾರಂ ತರಲು ಒಳಗೆ ಹೋದ. ಅವಳು ಎದ್ದು, ನಡುವೆ ನಿಲ್ಲಿಸಿದ್ದ ಹೊಸ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ನಿಂತ ಗಾಡಿಯಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡಳು. ಅವನು ಓಡಿಹೋಗಿ ಗಾಜು ತಟ್ಟಿದ. ಒಳಗಿನಿಂದ ಅವಳು ಅವನತ್ತ ತಿರುಗಿ ಏನೋ ಹೇಳಿದಳು, ತುಟಿಗಳು ಅಲುಗಿದ್ದಷ್ಟೇ ಕಂಡಿತು. ಅವನು ಸರಿ ಸರಿ ಎಂದು ತಲೆಯಾಡಿಸಿದ.

ಅವಳು ಏನೆಂದಳೆಂದು ಅವನಿಗೆ ಕೇಳಿಸಿರಲಿಲ್ಲ. ನನಗೂ ಗೊತ್ತಿಲ್ಲ.